ಕಂಚ ಗಚ್ಚಿಬೌಲಿ: ಪಹಣಿಯಲ್ಲಿಲ್ಲದ ನಂಟು

ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡ ಕಂಚ ಗಚ್ಚಿಬೌಲಿಯ 400 ಎಕರೆಗೆ 2025ರ ಮಾರ್ಚ್ 30ರಂದು ಜೆಸಿಬಿಗಳು ನುಗ್ಗಿದಾಗ ಅಡ್ಡ ನಿಂತವರು ವಿದ್ಯಾರ್ಥಿಗಳು. ಐಟಿ ಪಾರ್ಕ್‌ಗೆ ಹರಾಜು ಹಾಕಲು ಹೊರಟಿದ್ದ ಈ ಭೂಮಿ ತನ್ನದೇ ಎಂಬುದು ತೆಲಂಗಾಣ ಸರ್ಕಾರದ ವಾದ. ಖಾಸಗಿ ಕಂಪನಿಯೊಂದರ ಜತೆಗಿನ ಹಳೆಯ ವ್ಯಾಜ್ಯವನ್ನೂ ಅದು ಗೆದ್ದಿತ್ತು.

ಹಾಗಾದರೆ ವಿದ್ಯಾರ್ಥಿಗಳಿಗೇನು ಹಕ್ಕು? ಕಾಗದದಲ್ಲಿ ಏನೂ ಇರಲಿಲ್ಲ. ಆದರೆ ಹಾಸ್ಟೆಲ್‌ನಿಂದ ನಡೆದು ಹೋದರೆ ಸಿಗುವ ಬಂಡೆಗಳು, ನವಿಲು, ಚುಕ್ಕೆ ಜಿಂಕೆ, ನಕ್ಷತ್ರ ಆಮೆ ಅವರ ದಿನಚರಿಯ ಭಾಗ. ‘ಮಶ್ರೂಮ್ ರಾಕ್’ ಬಂಡೆಯನ್ನು ಉಳಿಸುತ್ತೇವೆ ಎಂದು ಸರ್ಕಾರ ಹೇಳಿತು. ಸುತ್ತಲಿನ ಕಾಡಿಲ್ಲದೆ ಬಂಡೆಯೊಂದನ್ನೇ ಇಟ್ಟುಕೊಂಡು ಏನು ಮಾಡುವುದು?

ಈ ನಂಟೇ ಬಣಗಳ ಗೋಡೆ ದಾಟಿಸಿತು. ಎಡ ಸಂಘಟನೆಗಳೂ ಎಬಿವಿಪಿಯೂ ಬೀದಿಗಿಳಿದವು, ತರಗತಿ ಬಹಿಷ್ಕಾರ ನಡೆಯಿತು. ಹಾಜರಾತಿಯಿಂದಲೇ ವಿದ್ಯಾರ್ಥಿಗಳ ಆಸಕ್ತಿ ಅಳೆಯುವವರಿಗೆ ಇದು ಗೈರುಹಾಜರಿಯಾಗಿ ಮಾತ್ರ ಕಾಣುತ್ತದೆ. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಮರ ಕಡಿತಕ್ಕೆ ತಡೆ ನೀಡಿತು. ಅಷ್ಟರಲ್ಲಿ ಸುಮಾರು 100 ಎಕರೆ ಹಸಿರು ನೆಲಸಮವಾಗಿತ್ತು. ಅದನ್ನು ಮತ್ತೆ ಬೆಳೆಸುವ ಯೋಜನೆ ಕೊಡಿ ಎಂದು ಕೋರ್ಟ್ ಸರ್ಕಾರವನ್ನು ಕೇಳಿತು.

ಈ ನಂಟಿಗೂ ಒಂದು ಮಿತಿಯಿದೆ. ಎಂಎ ಎಂದರೆ ಎರಡೇ ವರ್ಷ, ಕಾಡು ಮರಳಲು ದಶಕಗಳು ಬೇಕು. ಅಂದು ಜೆಸಿಬಿಗೆ ಅಡ್ಡ ನಿಂತ ಹಲವರು ಆ ಸಸಿಗಳು ಚಿಗುರುವ ಮೊದಲೇ ಹಾಸ್ಟೆಲ್ ಖಾಲಿ ಮಾಡಿರುತ್ತಾರೆ.