ದಂಡೋತಿಯ ಸೇತುವೆ ಯಾರ ಲೆಕ್ಕದಲ್ಲಿದೆ?

ಸುಸ್ಥಿರ ಅಭಿವೃದ್ಧಿಯ ಆದ್ಯತೆಗಳನ್ನು ತಿಳಿಯಲು ದೇಶ ದೇಶಗಳ ಅಂಕಿಅಂಶ ಕಚೇರಿಗಳನ್ನು ಕೇಳಿದರೆ ಸಾಕು ಎಂಬ ಲೇಖನ ಓದಿದೆ. ಅದು ಸಾಲದು. ಏನನ್ನು ಅಳೆಯಬಹುದು ಎಂಬುದನ್ನು ಆ ಕಚೇರಿಗಳು ಚೆನ್ನಾಗಿ ಬಲ್ಲವು. ಏನು ಮೊದಲು ಆಗಬೇಕು ಎಂಬುದು ಬೇರೆಯೇ ಪ್ರಶ್ನೆ.

ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿ ಉಕ್ಕಿದರೆ ಚಿತ್ತಾಪುರ ತಾಲ್ಲೂಕಿನ ದಂಡೋತಿಯ ಸೇತುವೆ ಮುಳುಗಿ ಬಸ್ ಓಡಾಟ ನಿಲ್ಲುತ್ತದೆ. ರಸ್ತೆಯ ಉದ್ದ ಅಳೆದವರ ಪಟ್ಟಿಯಲ್ಲಿ ಆ ಸೇತುವೆ ಇದೆ. ಗರ್ಭಿಣಿಯೊಬ್ಬಳು ದಡದಲ್ಲೇ ಕಾಯುವ ಹೊತ್ತು ಅದರಲ್ಲಿ ಇಲ್ಲ. ವಾಡಿ, ಸೇಡಂಗಳ ಸಿಮೆಂಟ್ ಉತ್ಪಾದನೆ ಜಿಲ್ಲೆಯ ಆದಾಯವನ್ನು ಹಿಗ್ಗಿಸುತ್ತದೆ. ಚಿಂಚೋಳಿಯ ತೊಗರಿ ಹೊಲದ ಕೂಲಿಯವಳ ಬಡತನ ಆ ಸರಾಸರಿಯಡಿ ಮುಚ್ಚಿಹೋಗುತ್ತದೆ.

ಸರಾಸರಿ ಬಿಟ್ಟು ತಾಲ್ಲೂಕಿಗೆ ಇಳಿದರೆ ಏನು ಕಾಣುತ್ತದೆಂದು ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ತೋರಿಸಿತು. 35 ಸೂಚಕಗಳನ್ನಿಟ್ಟು ಅದು ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಚಿತ್ತಾಪುರ, ಸೇಡಂ, ಚಿಂಚೋಳಿ ಮೂರೂ ಅಲ್ಲಿದ್ದವು. ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಕೇಳಿದವರ ಕೈಗೆ ಬಲ ತಂದದ್ದು ಇಂಥ ಲೆಕ್ಕವೇ.

2015ರಲ್ಲಿ ಜಗತ್ತು ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಪ್ರತಿಜ್ಞೆ, ಯಾರನ್ನೂ ಹಿಂದೆ ಬಿಡುವುದಿಲ್ಲ ಎಂಬುದು. ಹಿಂದೆ ಉಳಿದವರು ಯಾರೆಂದು ದೆಹಲಿಯ ಕಚೇರಿಯೊಂದೇ ಹೇಳಲಾರದು. ಕಚೇರಿಗಳನ್ನು ಕೇಳಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ಗ್ರಾಮಸಭೆಯನ್ನು ಕೇಳಿ. ಅದು ಹೇಳಿದ್ದನ್ನು ಅಳೆಯುವುದೇ ಕಚೇರಿಯ ಕೆಲಸವಾಗಲಿ.