ತಟ್ಟೆಯಲ್ಲಿ ಸತ್ತ ಕ್ಯಾನ್ಸರ್

ಹೋದ ದೀಪಾವಳಿಗೆ ಬೀದರಿಗೆ ಹೋದಾಗ ಔರಾದ್ ಕಡೆಯ ನಮ್ಮ ಕಾಕಾರನ್ನು ನೋಡಿ ಬಂದೆ. ಮೂರು ಕೀಮೋ ಮುಗಿಸಿ ಹೈದರಾಬಾದಿಗೆ ಹೋಗೋದನ್ನೇ ಬಿಟ್ಟಿದ್ದರು. ದಿನಾ ಸೀತಾಫಲದ ಎಲೆ ಕುದಿಸಿ ಕುಡೀತಿದ್ದರು.

"ಲ್ಯಾಬಿನಾಗ ಕ್ಯಾನ್ಸರ್ ಸತ್ತದಂತ ಪೇಪರ್‌ದಾಗ ಬಂದದಲ್ಲಪಾ, ಸುಳ್ಳ ಬರೀತಾರೇನು?" ಅಂದರು.

ಸುಳ್ಳಲ್ಲ. ಅದೇ ತೊಂದರೆ! ಸೀತಾಫಲದ ಸಾರ ಹಾಕಿದರೆ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಫಿನಾಯಿಲ್ ಹಾಕಿದರೂ ಸಾಯುತ್ತವೆ. ಪಕ್ಕದ ಒಳ್ಳೆಯ ಕೋಶ ಉಳಿಯುತ್ತದಾ? ಕುಡಿದದ್ದು ಗಡ್ಡೆಯ ತನಕ ಮುಟ್ಟುತ್ತದಾ? ಪ್ರಶ್ನೆ ಅದು. ಸೀತಾಫಲದ ದಾಯಾದಿ ಲಕ್ಷ್ಮಣಫಲವನ್ನು ತಿಂದು, ಅದರ ಎಲೆಯ ಚಹಾ ಕುಡಿಯುವ ಗ್ವಾಡೆಲೂಪ್ ದ್ವೀಪದ ಜನರಲ್ಲಿ ಪಾರ್ಕಿನ್ಸನ್ ತರಹದ ನರರೋಗ ಹೆಚ್ಚು ಕಂಡದ್ದು 1999ರಲ್ಲೇ ವರದಿಯಾಗಿದೆ. ಭಾಲ್ಕಿಯಲ್ಲಿ ಒಬ್ಬರು ಪೇಪರ್ ಕಟಿಂಗ್ ಲ್ಯಾಮಿನೇಟ್ ಮಾಡಿಸಿ ಪಕ್ಕದಲ್ಲೇ ಎಲೆಪುಡಿ ಮಾರುತ್ತಾರೆ. ಕಟಿಂಗ್‌ನಲ್ಲಿ ಇದ್ಯಾವುದೂ ಇಲ್ಲ.

ಗಿಡಗಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಿಂದಲೇ ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಬಂತು. ಆದರೆ ಟ್ಯಾಕ್ಸಾಲ್ ಕಥೆ ನೋಡಿ. ಅಮೆರಿಕದ ಯೂ ಮರದ ತೊಗಟೆ ಕಿತ್ತದ್ದು 1962ರಲ್ಲಿ. ಮನ್ರೋ ವಾಲ್ ಮತ್ತು ನಮ್ಮ ದೇಶದಿಂದ ಹೋದ ಮನ್ಸುಖ್ ವಾಣಿ ಅದರ ರಚನೆ ತಿಳಿಸಿದ್ದು 1971ರಲ್ಲಿ. ಔಷಧಿಗೆ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಮೂವತ್ತು ವರ್ಷ! ಆಮೇಲೆ ಮರ ಕಡಿಯೋದು ಬೇಡವೆಂದು ಯೂ ಮರದ ಕೋಶಗಳನ್ನೇ ದೊಡ್ಡ ಟ್ಯಾಂಕಿನಲ್ಲಿ ಬೆಳೆಸಿ ಔಷಧಿ ತೆಗೆಯೋದನ್ನೂ ಕಲಿತರು. ಅಲ್ಲೂ ಶುದ್ಧ ಮಾಡಿ, ಅಳೆದು, ರಕ್ತನಾಳಕ್ಕೆ ಕೊಡುತ್ತಾರೆ. ಕುದಿಸಿ ಕುಡಿಸೋದಿಲ್ಲ.

ಅದೇ ಇಬ್ಬರು 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಕಂಡುಹಿಡಿದರು. ನಮ್ಮ ಪಶ್ಚಿಮ ಘಟ್ಟದ ನೋಥಪೊಡೈಟಿಸ್ ಮರದಲ್ಲೂ ಅದು ಇದೆ. ತಟ್ಟೆಯಲ್ಲಿ ಭೇಷ್. ರೋಗಿಗಳಿಗೆ ಕೊಟ್ಟಾಗ ವಿಷ ತಡೆಯಲಾಗದೆ 1970ರ ದಶಕದಲ್ಲಿ ಪ್ರಯೋಗ ನಿಂತಿತು. ಅದನ್ನು ತಿದ್ದಿ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್‌ಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ.

ಪತ್ರಕರ್ತ ಮಿತ್ರರೇ, ಪ್ರೊಫೆಸರುಗಳೇ, ತಲೆಬರಹದಲ್ಲಿ "ತಟ್ಟೆಯಲ್ಲಿ ಮಾತ್ರ" ಅಂತ ಎರಡು ಪದ ಸೇರಿಸಲು ಎಷ್ಟು ಜಾಗ ಬೇಕು?

ಕಾಕಾರದ್ದು ಬರೀ ಮೂಢನಂಬಿಕೆ ಅನ್ನಬೇಡಿ. ಕಿದ್ವಾಯಿ ಇರೋದು ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಲ್ಲಿ. ಹೈದರಾಬಾದಿಗೆ ಹೋದರೆ ಎರಡು ದಿನದ ಕೂಲಿ ಹೋಯ್ತು. ಎಲೆ ಹಿತ್ತಲಲ್ಲೇ ಇದೆ, ಬಿಟ್ಟಿ. ಬೀದರಿನಲ್ಲೇ ಪೂರ್ತಿ ಚಿಕಿತ್ಸೆ ಕೊಡಿ ಅಂತ ನಾವು ಜಗಳ ಆಡಬೇಕಿತ್ತು. ನಾವು ಎಲೆಯ ಸುದ್ದಿ ಹಂಚುತ್ತಾ ಕೂತೆವು. ಎರಡು ವರ್ಷದ ಹಿಂದೆ ಆ ಸುದ್ದಿಯನ್ನು ಮನೆಯವರಿಗೆಲ್ಲ ಕಳಿಸಿದವನು ನಾನೇ.

ಸೋಮವಾರ ಕಾಕಾರನ್ನು ಕರಕೊಂಡು ಹೈದರಾಬಾದಿಗೆ ಹೊರಟಿದ್ದೇನೆ. ತಡವಾಗಿದೆಯೋ ಏನೋ, ಡಾಕ್ಟರು ಹೇಳಬೇಕು.