ಮುಳುಗಿದ ಊರು, ಅಳಿಸಿದ ಕ್ಷೇತ್ರ

2008ರ ಮೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯ ಕ್ಷೇತ್ರಪಟ್ಟಿಯಲ್ಲಿ ಹೊಸನಗರದ ಹೆಸರು ಇರಲಿಲ್ಲ. ತಾಲೂಕು ಇತ್ತು, ಜನರಿದ್ದರು, ಅವರ ಮತವೂ ಇತ್ತು. ಕ್ಷೇತ್ರವನ್ನು ಮಾತ್ರ ಹೋಳು ಮಾಡಿ ಹೊಸನಗರ ಪಟ್ಟಣ ಮತ್ತು ರಿಪ್ಪನ್‌ಪೇಟೆಯ ಕಡೆಯನ್ನು ಸಾಗರಕ್ಕೂ, ನಗರ ಹಾಗೂ ಹುಂಚದ ಕಡೆಯನ್ನು ತೀರ್ಥಹಳ್ಳಿಗೂ ಹಂಚಲಾಗಿತ್ತು. 2004ರಲ್ಲಿ ಅಲ್ಲಿಂದ ಗೆದ್ದಿದ್ದ ಹರತಾಳು ಹಾಲಪ್ಪನವರು 2008ರಲ್ಲಿ ಸೊರಬದಿಂದಲೂ 2018ರಲ್ಲಿ ಸಾಗರದಿಂದಲೂ ಶಾಸಕರಾದರು. ರಾಜಕಾರಣಿಗೆ ಬೇರೊಂದು ಕ್ಷೇತ್ರ ದೊರೆಯುತ್ತದೆ. ಊರು ಇದ್ದಲ್ಲಿಯೇ ಇರಬೇಕಾಗುತ್ತದೆ.

ಇದೊಂದೇ ಆಗಿದ್ದರೆ ಆಡಳಿತದ ಸಣ್ಣ ಬದಲಾವಣೆ ಎಂದು ಸುಮ್ಮನಿರಬಹುದಿತ್ತು. ಆದರೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗದ ಅದೇ ಆದೇಶದಲ್ಲಿ ಕೊಡಗಿನ ಸೋಮವಾರಪೇಟೆ ಕ್ಷೇತ್ರವೂ ಹೋಯಿತು, ಮೂರಿದ್ದುದು ಎರಡಾಯಿತು. ಶಿವಮೊಗ್ಗ ಜಿಲ್ಲೆಯ ಎಂಟು ಕ್ಷೇತ್ರಗಳು ಏಳಾದವು. ಚಿಕ್ಕಮಗಳೂರಿನ ಆರು ಐದಾದವು. ಅಲ್ಲಿ ಹೋದದ್ದು ಬೀರೂರು, ಅದು ಬಯಲು ಸೀಮೆ ಎಂಬುದು ನಿಜ. ಒಟ್ಟಿನಲ್ಲಿ ಮೂರು ಜಿಲ್ಲೆಗಳ 17 ಸ್ಥಾನಗಳು 14ಕ್ಕೆ ಇಳಿದವು. ಇಂದು ಸುಮಾರು 2,190 ಚದರ ಕಿಲೋಮೀಟರಿನ ಬೆಂಗಳೂರು ನಗರ ಜಿಲ್ಲೆಗೆ 28 ಶಾಸಕರು. 4,102 ಚದರ ಕಿಲೋಮೀಟರಿನ ಕೊಡಗಿಗೆ ಇಬ್ಬರು.

‘ಶಾಸಕರು ಪ್ರತಿನಿಧಿಸುವುದು ಜನರನ್ನು, ಕಾಡು ಗುಡ್ಡಗಳನ್ನಲ್ಲ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಒಬ್ಬರಿಗೆ ಒಂದು ಮತ, ಎಲ್ಲ ಮತಕ್ಕೂ ಸಮಾನ ಮೌಲ್ಯ ಎಂಬ ತತ್ತ್ವವನ್ನು ಈ ಲೇಖಕ ಹಗುರವಾಗಿ ಕಾಣುವವನಲ್ಲ. ಆದರೆ ಆ ಲೆಕ್ಕವನ್ನೇ ಮೊದಲು ಮಾಡಿ ನೋಡೋಣ. 2001ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಸುಮಾರು 5 ಕೋಟಿ 28 ಲಕ್ಷ. 224 ಸ್ಥಾನಗಳಿಗೆ ಹಂಚಿದರೆ ಕ್ಷೇತ್ರವೊಂದಕ್ಕೆ ಸರಾಸರಿ 2 ಲಕ್ಷ 36 ಸಾವಿರ. ಕೊಡಗಿನ ಜನಸಂಖ್ಯೆ 5,48,561. ಎರಡರಿಂದ ಭಾಗಿಸಿದರೆ ಕ್ಷೇತ್ರಕ್ಕೆ 2 ಲಕ್ಷ 74 ಸಾವಿರ! ಅದೇ ಗಣತಿಯ ಬೆಂಗಳೂರು ನಗರ ಜಿಲ್ಲೆಯ 65 ಲಕ್ಷವನ್ನು 28ರಿಂದ ಭಾಗಿಸಿದರೆ 2 ಲಕ್ಷ 33 ಸಾವಿರ. ಎಂದರೆ ಶುದ್ಧ ತಲೆಯೆಣಿಕೆಯಲ್ಲಿಯೂ ಕೊಡಗಿನವನ ಮತ ಬೆಂಗಳೂರಿನವನ ಮತಕ್ಕಿಂತ ಹಗುರವಾಯಿತು. ಕೊಡಗಿಗೆ ಎರಡು ಕಡಿಮೆಯಾಗುತ್ತಿತ್ತು, ಮೂರು ಹೆಚ್ಚಾಗುತ್ತಿತ್ತು. ನಡುವೆ ಉಳಿದ ಭಿನ್ನಾಂಕವನ್ನು ಗುಡ್ಡದವರ ಲೆಕ್ಕದಿಂದಲೇ ಕಳೆಯಲಾಯಿತು.

ವಿರಾಜಪೇಟೆಯ ಸಂಗತಿ ಇನ್ನೂ ಕಹಿಯಾದುದು. 2008ಕ್ಕೆ ಮುಂಚೆ ಅದು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಪುನರ್ವಿಂಗಡಣೆಯಲ್ಲಿ ರಾಜ್ಯದ ಪಂಗಡ ಮೀಸಲು ಸ್ಥಾನಗಳು 2ರಿಂದ 15ಕ್ಕೆ ಏರಿದವು. ಅದು ನ್ಯಾಯವೇ. ಆದರೆ ಆ ಹದಿನೈದರಲ್ಲಿ ಕೊಡಗಿನದು ಒಂದೂ ಇಲ್ಲ. ಎಸ್ಟೇಟುಗಳ ಲೈನುಮನೆಗಳಲ್ಲಿಯೂ ಕಾಡಂಚಿನ ಹಾಡಿಗಳಲ್ಲಿಯೂ ಬದುಕುವ ಯರವರು, ಜೇನುಕುರುಬರು ತಮ್ಮವರೊಬ್ಬರನ್ನು ವಿಧಾನಸೌಧಕ್ಕೆ ಕಳುಹಿಸಲು ಇದ್ದ ಒಂದು ಬಾಗಿಲು ಮುಚ್ಚಿತು. ಇದರ ಬಗ್ಗೆ ಆದ ಚರ್ಚೆ ತೀರ ಅಲ್ಪ.

ಇನ್ನು ಮಲೆನಾಡಿನಲ್ಲಿ ಜನ ಏಕೆ ಕಡಿಮೆ? ಕೃಷಿ ವಿಜ್ಞಾನದ ಯಾವ ವಿದ್ಯಾರ್ಥಿಯೂ ಇದಕ್ಕೆ ಉತ್ತರಿಸಬಲ್ಲ. ಕಡಿದಾದ ಇಳಿಜಾರು, ನಾಲ್ಕು ತಿಂಗಳ ಜಡಿಮಳೆ, ತೊಳೆದುಹೋಗುವ ಮೇಲ್ಮಣ್ಣು. ಒಂದು ಎಕರೆ ಅಡಿಕೆ ತೋಟ ನಿಲ್ಲಬೇಕಾದರೆ ಅದರ ಹಿಂದೆ ಹಲವು ಎಕರೆ ಸೊಪ್ಪಿನಬೆಟ್ಟ ಇರಬೇಕು; ಬೆಟ್ಟದ ಹಿಂದೆ ಕಾನು, ಕಾನಿನ ಹಿಂದೆ ಹಳ್ಳದ ನೀರು. ಆದುದರಿಂದಲೇ ನಮ್ಮಲ್ಲಿ ಮನೆಗಳು ಒಂಟಿಯಾಗಿ, ದೂರ ದೂರವಾಗಿ ಇವೆ. ಇದು ಹಿಂದುಳಿದಿರುವಿಕೆಯ ಲಕ್ಷಣವಲ್ಲ; ಭೂಮಿಯ ಧಾರಣಶಕ್ತಿಗೆ ತಕ್ಕಂತೆ ನೂರಾರು ವರ್ಷ ಬಾಳಿದ ಕ್ರಮ. ಈ ಕ್ರಮವನ್ನು ಮುರಿದು ಗುಡ್ಡ ಕಡಿದು ಲೇಔಟು ಮಾಡಿದ್ದರೆ ನಮಗೂ ಹೆಚ್ಚು ಶಾಸಕರು ಸಿಗುತ್ತಿದ್ದರೋ ಏನೋ.

ಹೊಸನಗರದ ಮಟ್ಟಿಗಂತೂ ಇನ್ನೊಂದು ಕಾರಣವಿದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದಿತು. ಸಾಗರ, ಹೊಸನಗರ ತಾಲೂಕುಗಳ ಗದ್ದೆ, ತೋಟ, ಊರುಗಳು ನೀರಿನಡಿ ಸೇರಿದವು. ಆಮೇಲೆ ವಾರಾಹಿಗೆ ಮಾಣಿ, ಜೊತೆಗೆ ಚಕ್ರಾ, ಸಾವೆಹಕ್ಲು. ರಾಜ್ಯಕ್ಕೆ ಬೆಳಕು ಕೊಡಲೆಂದು ಎದ್ದ ಸಂಸಾರಗಳಲ್ಲಿ ಬಹಳಷ್ಟು ಶಿವಮೊಗ್ಗ, ಭದ್ರಾವತಿಯ ಕಡೆಯ ಕಾಡುಗಳಲ್ಲಿ ಹೊಸದಾಗಿ ಒಲೆ ಹೂಡಿದವು. ಅವರ ಭೂಮಿಯ ಹಕ್ಕಿನ ಪ್ರಶ್ನೆ ಅರವತ್ತು ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಮೊದಲು ಸರ್ಕಾರವೇ ಜನರನ್ನು ಎಬ್ಬಿಸಿತು. ನಂತರ ಸರ್ಕಾರ ನೇಮಿಸಿದ ಆಯೋಗ ಬಂದು ಇಲ್ಲಿ ಜನ ಸಾಲದು ಎಂದಿತು. 1951ರ ಕಾಗೋಡು ಚಳವಳಿಯ ಮರುವರ್ಷ ಗೇಣಿದಾರರ ಪರವಾಗಿ ಶಾಂತವೇರಿ ಗೋಪಾಲಗೌಡರನ್ನು ಆರಿಸಿ ಕಳುಹಿಸಿದ್ದು ಸಾಗರ–ಹೊಸನಗರ ಕ್ಷೇತ್ರ. ಆ ಜೋಡಿ ಹೆಸರಿನಲ್ಲಿ ಉಳಿದಿರುವುದು ಈಗ ಸಾಗರ ಮಾತ್ರ.

ಕ್ಷೇತ್ರವಿದ್ದಾಗ ಹೊಸನಗರ ಸ್ವರ್ಗವಾಗಿತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ಮಾಣಿ, ಚಕ್ರಾ, ಸಾವೆಹಕ್ಲು ಕಟ್ಟಿದಾಗ ಅಲ್ಲಿಗೊಬ್ಬ ಶಾಸಕರಿದ್ದರು, ತಡೆಯಲಾಗಲಿಲ್ಲ. ಆದರೂ ಒಂದು ತಾಲೂಕಿಗೆ ತನ್ನದೇ ಶಾಸಕರಿದ್ದರೆ ಪ್ರಶ್ನೆ ಕೇಳಲು ಒಂದು ವಿಳಾಸವಿರುತ್ತದೆ. ಎರಡು ಕ್ಷೇತ್ರಗಳ ಬಾಲಕ್ಕೆ ಕಟ್ಟಿದ ತಾಲೂಕಿನ ಅಡಿಕೆಗೆ ಎಲೆಚುಕ್ಕೆ ರೋಗ ತಗುಲಿದರೆ, ರಸ್ತೆ ಕುಸಿದರೆ, ಆಸ್ಪತ್ರೆಗೆ ವೈದ್ಯರಿಲ್ಲದಿದ್ದರೆ ಅದು ಇಬ್ಬರಿಗೂ ಎರಡನೆಯ ಕೆಲಸ. ಹಿನ್ನೀರಿನಾಚೆಯ ಅಲ್ಪಸಂಖ್ಯೆಯ ಮತಕ್ಕೆ ಏನು ಬೆಲೆಯೆಂಬುದನ್ನು ಸಾಗರ ತಾಲೂಕಿನ ತುಮರಿಯವರನ್ನು ಕೇಳಬೇಕು. ಲಾಂಚಿನಲ್ಲಿ ಹೊಳೆ ದಾಟುತ್ತಿದ್ದ ಅವರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ, ಅಣೆಕಟ್ಟಾಗಿ 61 ವರ್ಷಗಳ ಮೇಲೆ. 2019ರಲ್ಲಿ ಅದೇ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆ ಹೊರಟಾಗ ಶಿವಮೊಗ್ಗ ಜಿಲ್ಲೆ ಬಂದ್ ಮಾಡಿ ಬೀದಿಗಿಳಿಯಬೇಕಾಯಿತು. ಸದನದೊಳಗೆ ಏಳು ಇಪ್ಪತ್ತೆಂಟನ್ನು ಗೆಲ್ಲುವುದಿಲ್ಲ ಎಂಬ ಗಣಿತ ಎಲ್ಲರಿಗೂ ಗೊತ್ತಿತ್ತು.

ಈಗ ಈ ಮಾತೇಕೆ ಎಂದರೆ, ಲೆಕ್ಕದ ಪುಸ್ತಕ ಮತ್ತೆ ತೆರೆಯುವ ಕಾಲ ಬಂದಿದೆ. 84ನೆಯ ತಿದ್ದುಪಡಿಯು ಸ್ಥಾನಗಳ ಮರುಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿದಿತ್ತು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಘೋಷಣೆಯಾಗಿದೆ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇಕಡಾ 15ಕ್ಕೂ ಹೆಚ್ಚು ಬೆಳೆಯಿತು, ಬೆಂಗಳೂರು ನಗರ ಜಿಲ್ಲೆಯದು ಶೇಕಡಾ 47ರಷ್ಟು. ಕೊಡಗಿನದು ಶೇಕಡಾ ಒಂದರ ಆಸುಪಾಸು. ಚಿಕ್ಕಮಗಳೂರಿನದು ಕುಸಿಯಿತು. ಓದಲು, ದುಡಿಯಲು ಹೋದ ಮಗ ಬೆಂಗಳೂರಿನಲ್ಲಿ ಎಣಿಕೆಯಾಗುತ್ತಾನೆ; ತೋಟಕ್ಕೆ ಔಷಧಿ ಹೊಡೆಸಲು ಆಳು ಹುಡುಕುವ ಅಪ್ಪ ಅಮ್ಮ ಇಲ್ಲಿ. ಇದೇ ಲೆಕ್ಕ ಮುಂದುವರಿದರೆ ಮುಂದಿನ ಸರದಿ ಶೃಂಗೇರಿಯದೋ ಮೂಡಿಗೆರೆಯದೋ ತೀರ್ಥಹಳ್ಳಿಯದೋ ಆಗಬಹುದು.

ಇಲ್ಲಿ ನಮ್ಮ ರಾಜ್ಯದ ನಾಯಕರಿಗೆ ನೇರವಾಗಿ ಕೇಳಬೇಕಾದ ಪ್ರಶ್ನೆಯೊಂದಿದೆ. ಜನಸಂಖ್ಯೆಯೊಂದನ್ನೇ ಅಳತೆಗೋಲಾಗಿಸಿ ಲೋಕಸಭಾ ಸ್ಥಾನ ಹಂಚಿದರೆ ಜನಸಂಖ್ಯೆ ಹಿಡಿತದಲ್ಲಿಟ್ಟ ದಕ್ಷಿಣದ ರಾಜ್ಯಗಳಿಗೆ ಅನ್ಯಾಯವೆಂದು ಅವರು ವಾದಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಚೆನ್ನೈಯಲ್ಲಿ ನಡೆದ ಸಭೆಗೆ ಕರ್ನಾಟಕದ ಉಪಮುಖ್ಯಮಂತ್ರಿಗಳೂ ಹೋಗಿದ್ದರು. ವಾದ ಸರಿಯಾದುದೇ. ಆದರೆ ದೆಹಲಿಯ ಮುಂದೆ ಕರ್ನಾಟಕ ಆಡುವ ಈ ಮಾತು ಬೆಂಗಳೂರಿನ ಮುಂದೆ ಕೊಡಗು, ಹೊಸನಗರ ಆಡಿದಾಗ ಏಕೆ ತಪ್ಪಾಗುತ್ತದೆ?

ಕಾನೂನಿನಲ್ಲಿ ದಾರಿಯಿಲ್ಲವೆಂಬುದೂ ಸುಳ್ಳು. ಸಂವಿಧಾನದ 170ನೆಯ ವಿಧಿ ಹೇಳುವುದು ಜನಸಂಖ್ಯೆಯ ಅನುಪಾತ ‘ಸಾಧ್ಯವಾದ ಮಟ್ಟಿಗೆ’ ಸಮಾನವಾಗಿರಬೇಕೆಂದು ಮಾತ್ರ. 2002ರ ಪುನರ್ವಿಂಗಡಣಾ ಕಾಯಿದೆಯ 9ನೆಯ ಕಲಮು ಭೌಗೋಳಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಕರ್ಯ, ಜನರ ಅನುಕೂಲ ಇವನ್ನೂ ಗಮನಿಸಬೇಕೆಂದಿತ್ತು. ಅದೇ ಕಾಯಿದೆಯಡಿ, ಅದೇ ಆಯೋಗ, ಹಿಮಾಚಲದ ಲಾಹೌಲ್–ಸ್ಪಿತಿಯನ್ನು ಪ್ರತ್ಯೇಕ ಕ್ಷೇತ್ರವಾಗಿಯೇ ಉಳಿಸಿತು. 2001ರಲ್ಲಿ ಆ ಇಡೀ ಜಿಲ್ಲೆಯ ಜನಸಂಖ್ಯೆ 33,224. ಆ ರಾಜ್ಯದ ಸರಾಸರಿ ಕ್ಷೇತ್ರದ ಅರ್ಧವೂ ಇಲ್ಲ. ಮನಸ್ಸು ಮಾಡಿದರೆ ‘ಸಾಧ್ಯವಾದ ಮಟ್ಟಿಗೆ’ ಎಂಬ ಪದಗಳಿಗೆ ಎಷ್ಟು ಬಲವಿದೆಯೆಂಬುದಕ್ಕೆ ಇದು ಸಾಕ್ಷಿ. ಮನಸ್ಸು ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ಉತ್ತರಾಖಂಡವಿದೆ: ಬೆಟ್ಟದ ಜಿಲ್ಲೆಗಳಿಗಾಗಿ ಹೋರಾಡಿ ಪಡೆದ ಆ ರಾಜ್ಯದಲ್ಲಿಯೇ ಬೆಟ್ಟದ ಸ್ಥಾನಗಳು 40ರಿಂದ 34ಕ್ಕೆ ಇಳಿದವು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಿರಬೇಕು. ಹೊಸ ಆಯೋಗಕ್ಕೆ ರಚಿಸುವ ಕಾಯಿದೆಯಲ್ಲಿ ಸಹ್ಯಾದ್ರಿಯ ತಾಲೂಕುಗಳಿಗೆ ಜನಸಂಖ್ಯೆಯ ಸರಾಸರಿಯಿಂದ ವಿನಾಯಿತಿ ಬರೆದಿರಬೇಕು. ‘ಗಮನಿಸಬೇಕು’ ಎಂಬ ಸಡಿಲ ಮಾತು ಸಾಲದು. ಮಲೆನಾಡಿನ ಯಾವ ತಾಲೂಕನ್ನೂ ಎರಡು ಕ್ಷೇತ್ರಗಳಿಗೆ ಹರಿದು ಹಂಚಬಾರದು. ಮುಳುಗಡೆಯಿಂದ ಜನ ಕಡಿಮೆಯಾದ ತಾಲೂಕುಗಳನ್ನು ಬೇರೆಯಾಗಿಯೇ ಪರಿಗಣಿಸಬೇಕು.

ಹಳೆಯ ಕಾಯಿದೆಯಲ್ಲಿ ಐವರು ಸಂಸದರು, ಐವರು ಶಾಸಕರು ಆಯೋಗದ ಸಹ ಸದಸ್ಯರಾಗಿದ್ದರು. ಮಾತನಾಡಬಹುದಿತ್ತು, ಮತ ಹಾಕುವಂತಿರಲಿಲ್ಲ. ಕರಡು ಪ್ರಕಟಿಸಿ ಸಾರ್ವಜನಿಕ ಸಭೆ ನಡೆಸಬೇಕೆಂಬ ನಿಯಮವೂ ಇತ್ತು. ಕರಡು ಬಂದ ಮೇಲೆ ಓಡಾಡಿದರೆ ಹೊತ್ತು ಮೀರಿರುತ್ತದೆ. ಈಗಿನಿಂದಲೇ ಪ್ರತಿ ಗ್ರಾಮಸಭೆ ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಕಾಲೇಜು ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿಯೇ ತಮ್ಮ ಊರಿನ ವಿವರ ಕಲೆಹಾಕಬೇಕು: ತಾಲೂಕು ಕಚೇರಿಗೆ ಎಷ್ಟು ಕಿಲೋಮೀಟರು, ಬಸ್ಸು ಎಷ್ಟು, ಯಾವ ಕಾಲುಸಂಕ ಎಷ್ಟು ದಿನ ನೀರಿನಡಿ ಇರುತ್ತದೆ, ಮತಗಟ್ಟೆಗೆ ನಡೆಯಬೇಕಾದ ದೂರ ಎಷ್ಟು, ಮುಳುಗಡೆಗೆ ಮುಂಚೆ ಎಷ್ಟು ಮನೆಗಳಿದ್ದವು. ಹಿರಿಯರನ್ನು ಕೇಳಿ ಬರೆದುಕೊಂಡು, ನಿರ್ಣಯದ ಪ್ರತಿಯೊಂದಿಗೆ ನಮ್ಮ ಬಳಗಕ್ಕೆ ತಲುಪಿಸಿ. ತಾಲೂಕುವಾರು ಜೋಡಿಸಿ, ಶಾಸಕರಿಗೂ ಸಂಸದರಿಗೂ ಕೊಟ್ಟು ಸಹಿ ಪಡೆಯುವ ಕೆಲಸ ದೀಪಾವಳಿಯೊಳಗೆ ಮುಗಿಯಬೇಕಾಗಿದೆ.